ಮೆದುದೊಗಲಿನ ಅಂಚು

ತೊಗಲಿನ ವಸ್ತುವೊಂದರ ಗುಣವನ್ನು ಅರಿಯಬಯಸುವವರು ಮೊತ್ತಮೊದಲು ಅದರ ಅಂಚನ್ನು ನೋಡತಕ್ಕದ್ದು. ಮೈಗೆ ಎಣ್ಣೆ ತೀಡಿ ಹೊಳಪು ತರಬಹುದು, ಬಣ್ಣವಿಟ್ಟು ಕಲೆಗಳನ್ನು ಮರೆಸಬಹುದು, ಚಿತ್ತಾರವನ್ನೊತ್ತಿ ಕಣ್ಣನ್ನು ಬೇರೆಡೆಗೆ ಸೆಳೆಯಬಹುದು. ಆದರೆ ಅಲಗು ಹಾದುಹೋದ ಗೆರೆಯಲ್ಲಿ ತೊಗಲು ತನ್ನ ಒಳಗನ್ನು ತೆರೆದು ನಿಲ್ಲುವುದರಿಂದ, ಅದು ಯಾವ ಪ್ರಾಣಿಯದು, ಮೈಯ ಯಾವ ಭಾಗದ್ದು, ಹದವು ಎಷ್ಟು ಆಳಕ್ಕೆ ಇಳಿದಿದೆ, ಮಾಡಿದವರು ಅವಸರಪಟ್ಟರೋ ತಾಳ್ಮೆಯಿಂದ ಕುಳಿತರೋ ಎಂಬುದೆಲ್ಲವೂ ಅಲ್ಲಿ ವ್ಯಕ್ತವಾಗುತ್ತದೆ. ಎಮ್ಮೆಯ ತೊಗಲಿನ ಗಟ್ಟಿಯಾದ ಅಟ್ಟೆಗೆ ಅಂಚು ತರುವುದು ದುಸ್ಸಾಧ್ಯವೇನಲ್ಲ. ಹಸನಾಗಿ ಕತ್ತರಿಸಿ, ನೀರು ಸವರಿ, ಕೊಂಬಿನ ತುಣುಕಿನಿಂದಲೋ ನುಣುಪಾದ ಕಟ್ಟಿಗೆಯಿಂದಲೋ ಬಲವಾಗಿ ಉಜ್ಜಿದರೆ ಎಳೆಗಳು ಒಂದನ್ನೊಂದು ಒತ್ತಿಕೊಂಡು, ಕಾವಿನಿಂದ ಬೆಸೆದು, ನಯವಾದ ಗಟ್ಟಿ ಅಂಚಾಗಿ ನಿಲ್ಲುತ್ತವೆ. ಆಡು ಕುರಿಗಳ ಮೆದುವಾದ, ಎಳೆದತ್ತ ಹಿಗ್ಗುವ ತೊಗಲಿನ ವಿಷಯದಲ್ಲಿ ಈ ಉಪಾಯ ನಡೆಯದು. ಉಜ್ಜಿದಾಗ ಕುಳಿತಂತೆ ತೋರಿದ ಎಳೆಗಳು ವಸ್ತುವನ್ನು ಒಂದೆರಡು ಸಲ ಮಡಚಿ ಬಿಚ್ಚುವುದರೊಳಗೆ ಮತ್ತೆ ಎದ್ದುನಿಲ್ಲುತ್ತವೆ. ಮೇಲೆ ಬಳಿದ ಅಂಟು ಬಿರಿಯುತ್ತದೆ. ಅಂಚು ಅಲೆಯಲೆಯಾಗಿ ಸುರುಳಿಗೊಳ್ಳುತ್ತದೆ. ಆದಕಾರಣ ನಮ್ಮ ನಾಡಿನ ತೊಗಲುಗೆಲಸದವರು ಮೆದುದೊಗಲಿಗೆ ಬೇರೆಯೇ ಆದ ಒಂದು ವಿಧಾನವನ್ನು ಶತಮಾನಗಳ ಅನುಭವದಿಂದ ರೂಢಿಸಿಕೊಂಡರು. ಅದರ ಇತಿಹಾಸವನ್ನು ಯಾರೂ ಪ್ರತ್ಯೇಕವಾಗಿ ಬರೆದಿಟ್ಟಿಲ್ಲವಾದರೂ ವಸ್ತುಗಳಲ್ಲಿ, ಉಪಕರಣಗಳ ಹೆಸರುಗಳಲ್ಲಿ, ಶರಣರ ಸ್ಮೃತಿಯಲ್ಲಿ ಅದು ಚದುರಿಹೋಗಿ ಉಳಿದಿದೆ.

ಚಿಕ್ಕೇರೂರಿನಂತಹ ಊರನ್ನು ನಡುವಿಟ್ಟುಕೊಂಡು ಈ ವಿಷಯವನ್ನು ಆಲೋಚಿಸುವುದಕ್ಕೆ ಕಾರಣವಿದೆ. ಹಿರೇಕೆರೂರು ತಾಲೂಕಿನ, ಹಂಸಭಾವಿಯ ನೆರೆಯ ಈ ದೊಡ್ಡ ಊರು, ಕೆರೆಗೂ ಗುಡಿಗೂ ಹಳೆಯ ಶಾಸನಗಳಿಗೂ ನೆಲೆಯಾದದ್ದು. ಆಂಗ್ಲರ ಆಳಿಕೆಯಲ್ಲಿ ಕೋಡ ತಾಲೂಕೆಂಬ ಹೆಸರಿನಿಂದ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಪ್ರದೇಶವು ಮಲೆನಾಡಿನ ಸೆರಗಿಗೂ ಬಯಲುಸೀಮೆಯ ಮೊದಲಿಗೂ ನಡುವೆ ಇರುವಂಥದು. ತೊಗಲಿನ ಕಸುಬಿಗೆ ಬೇಕಾದ ಸಾಮಗ್ರಿಗಳೆಲ್ಲವೂ ಇಂತಹ ಸಂಧಿಸ್ಥಾನದಲ್ಲಿಯೇ ಕೂಡುತ್ತವೆ. ಪಡುವಣದ ಕಾಡುಗಳಿಂದ ಅಳಲೆಕಾಯಿ, ಮೂಡಣದ ಬಯಲಿನಿಂದ ಜಾಲಿಯ ತೊಗಟೆ, ತಂಗಡಿಯ ತೊಗಟೆ, ಕೆರೆಗಳ ನೀರು, ಸುಣ್ಣ, ಉಳುವ ಎತ್ತುಗಳೂ ಹಯನಿನ ಎಮ್ಮೆಗಳೂ ಇರುವ ಊರುಗಳಿಂದ ದಪ್ಪ ತೊಗಲು, ರಾಣೆಬೆನ್ನೂರು, ಬ್ಯಾಡಗಿಗಳ ಕಡೆಯ ಕುರುಬರ ಹಿಂಡುಗಳಿಂದ ಕುರಿಯ ತೊಗಲು. ಕಂಬಳಿಗೆ ಹೆಸರಾದ ಸೀಮೆಯಲ್ಲಿ ಕುರಿಯ ತೊಗಲಿಗೆ ಕೊರತೆಯಿರಲಿಲ್ಲವೆಂಬುದು ಸಹಜ. ಆದರೆ ಅಂಚಿನ ಕಷ್ಟವು ಮೊದಲಾಗುವುದೂ ಆ ತೊಗಲಿನಿಂದಲೇ.

ಏಕೆಂದರೆ ಕುರಿಯ ತೊಗಲು ಎರಡು ಮನಸ್ಸಿನ ತೊಗಲು. ಉಣ್ಣೆಯ ಬೇರುಗಳೂ ಮೇದಸ್ಸೂ ತುಂಬಿರುವ ಅದರ ಮೇಲ್ಪದರಕ್ಕೂ ಕೆಳಗಿನ ಎಳೆಯ ಪದರಕ್ಕೂ ನಡುವಣ ಬಂಧನವು ಸಡಿಲವಾದದ್ದು; ಉಣ್ಣೆ ತೆಗೆದು, ಸುಣ್ಣಕ್ಕೆ ಹಾಕಿ, ಮೇದಸ್ಸು ಕರಗಿದ ಬಳಿಕ ಅಲ್ಲಿ ಬರಿಯ ಅವಕಾಶವು ಉಳಿಯುತ್ತದೆ. ಹೀಗಾಗಿ ಕತ್ತರಿಸಿದ ಅಂಚನ್ನು ಹಾಗೆಯೇ ಬಿಟ್ಟರೆ ಸ್ವಲ್ಪ ಕಾಲದಲ್ಲಿ ಪದರಗಳು ಬೇರ್ಪಟ್ಟು ಸುಲಿದುಬರುತ್ತವೆ. ಆಡಿನ ತೊಗಲು ಇದಕ್ಕಿಂತ ಬಿಗಿಯಾದದ್ದು. ಅದರ ಮೇಲ್ಮೈಯ ಕಾಳು ಗಟ್ಟಿ, ಎಳೆ ಒತ್ತು. ಆದಕಾರಣ ಕೈಗೆಲಸದವರು ಹೆಣಿಗೆಗೂ ಮೇಲುಹೊದಿಕೆಗೂ ಆಡನ್ನೇ ಮೆಚ್ಚಿದರು. ಎರಡರಲ್ಲಿಯೂ ಬೆನ್ನೆಲುಬಿನ ನೀಳದಲ್ಲಿ ಹಿಗ್ಗು ಕಡಮೆ, ಅಡ್ಡಕ್ಕೆ ಹೆಚ್ಚು; ಬೆನ್ನಿನಲ್ಲಿ ಎಳೆಗಳು ದಟ್ಟ, ಹೊಟ್ಟೆಯ ಕಡೆಗೆ ವಿರಳ. ಇವಿಷ್ಟು ಸಂಗತಿಗಳನ್ನು ಕೈಯಿಂದಲೇ ಬಲ್ಲವನು ಅಂಚು ಕಟ್ಟಬಲ್ಲನು. ಅರಿಯದವನು ಎಷ್ಟು ಅಂಟು ಸುರಿದರೂ ವ್ಯರ್ಥ. ಹೆಬ್ಬೆರಳು ತೋರುಬೆರಳುಗಳ ನಡುವೆ ತೊಗಲನ್ನು ಹಿಡಿದು, ಒಮ್ಮೆ ನೀಳಕ್ಕೂ ಒಮ್ಮೆ ಅಡ್ಡಕ್ಕೂ ಎಳೆದು, ಎಲ್ಲಿ ಅದು ಕೊಡುತ್ತದೆ, ಎಲ್ಲಿ ಕೊಡದು ಎಂದು ತಿಳಿದ ಮೇಲೆಯೇ ಕತ್ತಿಯನ್ನಿಡುವುದು ಹಳೆಯ ಕುಶಲಿಗಳ ಕ್ರಮ.

ಇನ್ನು ಆ ವಿಧಾನಗಳು. ಎಲ್ಲಕ್ಕೂ ಮಿಗಿಲಾದದ್ದು ಮಡಿಕೆಯಂಚು. ಕಲ್ಲಿನ ಮೇಲೆ ತೊಗಲನ್ನು ಒಳಮೈ ಮೇಲಾಗಿ ಹರಡಿ, ರಂಪಿಗೆಯ ಅಗಲವಾದ ಅಲಗನ್ನು ಓರೆಯಾಗಿ ಹಿಡಿದು ಮುಂದಕ್ಕೆ ತಳ್ಳುತ್ತ, ಅಂಚಿನಿಂದ ಒಂದು ಬೆರಳಿನಷ್ಟು ಒಳಗಿನವರೆಗೆ ದಪ್ಪವನ್ನು ಇಳಿಜಾರಾಗಿ ಹೆರೆಯುತ್ತಾರೆ. ಈ ಹೆರೆತದಲ್ಲಿಯೇ ಕೆಲಸದ ಮುಕ್ಕಾಲು ಭಾಗ ಮುಗಿಯುತ್ತದೆಂದರೆ ಅತಿಶಯೋಕ್ತಿಯಲ್ಲ. ಮಡಿಯುವ ಗೆರೆಯಲ್ಲಿ ಅರ್ಧದಷ್ಟು ದಪ್ಪವು ಉಳಿದಿರಬೇಕು, ತುದಿಯಲ್ಲಿ ಕಾಗದದಷ್ಟು ತೆಳುವಾಗಬೇಕು. ಹೆಚ್ಚು ಹೆರೆದರೆ ಮಡಿಕೆಯ ಗೆರೆಯೇ ಮುಂದೆ ಸೀಳುತ್ತದೆ, ಕಡಮೆ ಹೆರೆದರೆ ಅಂಚು ಉಬ್ಬಿ ನಿಲ್ಲುತ್ತದೆ. ಮೆದುದೊಗಲು ಅಲಗಿನ ಮುಂದೆ ಓಡುವ ಸ್ವಭಾವದ್ದಾದುದರಿಂದ ಅಲಗು ಅತ್ಯಂತ ಹರಿತವಾಗಿರಬೇಕು, ಎಡಗೈ ತೊಗಲನ್ನು ಒತ್ತಿ ಹಿಡಿದಿರಬೇಕು, ಎಳೆಯಬಾರದು. ಬಳಿಕ ಹುಣಸೆಬೀಜದ ಅಂಟನ್ನು ತೆಳುವಾಗಿ ಸವರಿ, ಅಂಚನ್ನು ಒಳಕ್ಕೆ ಮಡಿಸಿ, ಸುತ್ತಿಗೆಯಿಂದ ಮೆಲ್ಲನೆ ತಟ್ಟಿ ಕೂಡಿಸುತ್ತಾರೆ. ಅದರ ಮೇಲೆ ಹೊಲಿಗೆ. ನೇರವಾದ ಅಂಚಿಗೆ ಇಷ್ಟು ಸಾಕು. ಬಳುಕು ಇರುವಲ್ಲಿ ಬುದ್ಧಿಯ ಪರೀಕ್ಷೆ. ಹೊರಕ್ಕೆ ಬಾಗಿದ ಅಂಚಿನಲ್ಲಿ ಮಡಿಸಿದ ತೊಗಲು ಹೆಚ್ಚಾಗುವುದರಿಂದ ಅದನ್ನು ಉಳಿಯ ಮೊನೆಯಿಂದ ಸಣ್ಣ ಸಣ್ಣ ನೆರಿಗೆಗಳಾಗಿ ಕೂಡಿಸಿ ತಟ್ಟಬೇಕು. ಒಳಕ್ಕೆ ಬಾಗಿದಲ್ಲಿ ತೊಗಲು ಸಾಲದೆ ಬರುವುದರಿಂದ ಅಂಚಿಗೆ ಸಣ್ಣ ಕಚ್ಚುಗಳನ್ನು ಹಾಕಬೇಕು. ಮಡಿಸುವಾಗ ಬಿಗಿಯಾಗಿ ಎಳೆದರೆ ಇಡಿಯ ತುಂಡು ಬಟ್ಟಲಿನಂತೆ ಒಳಬಾಗುತ್ತದೆ. ಸಡಿಲ ಬಿಟ್ಟರೆ ಅಲೆಯೇಳುತ್ತದೆ. ಈ ಎರಡರ ನಡುವಣ ಅಳತೆಯನ್ನು ಮಾತಿನಲ್ಲಿ ಹೇಳಿ ಕಲಿಸಲಾಗದು.

ಎರಡನೆಯದು ಅಂಚುಪಟ್ಟಿ. ಪದರ ಬಿಡುವ ಕುರಿಯ ತೊಗಲಿಗೂ, ಮಡಿಸಲಾಗದಷ್ಟು ಪದರಗಳು ಸೇರಿದ ಕಡೆಗೂ, ಬೇರೊಂದು ತೆಳುವಾದ ಪಟ್ಟಿಯನ್ನು ಅಂಚಿನ ಎರಡೂ ಬದಿಗೆ ಬರುವಂತೆ ಹೊದಿಸಿ ಹೊಲಿಯುವುದು ಇದರ ಕ್ರಮ. ನೇರವಾದ ಬದಿಗೆ ಬೆನ್ನಿನ ನೀಳದಲ್ಲಿ ಕತ್ತರಿಸಿದ, ಹಿಗ್ಗದ ಪಟ್ಟಿ. ಬಳುಕಿಗೆ ಅಡ್ಡಕ್ಕೆ ಕತ್ತರಿಸಿದ, ಕೊಡುವ ಪಟ್ಟಿ. ಹೀಗೆ ಒಂದೇ ತೊಗಲಿನ ದೋಷವನ್ನೇ ಮತ್ತೊಂದು ಕಡೆ ಗುಣವಾಗಿ ಬಳಸಿಕೊಂಡದ್ದು ನನಗೆ ಈ ಕಸುಬಿನ ಅತ್ಯಂತ ಸುಂದರವಾದ ಯುಕ್ತಿಯಾಗಿ ತೋರುತ್ತದೆ. ಮೂರನೆಯದು ಬಾರಿನ ಹೆಣಿಗೆ: ಅಂಚಿನುದ್ದಕ್ಕೂ ಉಳಿಯಿಂದ ತೂತುಗಳನ್ನಿಟ್ಟು, ಸಣ್ಣ ತೊಗಲಬಾರನ್ನು ಸುತ್ತಿ ಸುತ್ತಿ ಹೆಣೆದುಕೊಂಡು ಹೋಗುವುದು. ಇಲ್ಲಿ ಬಾರೇ ಅಂಚಾಗುತ್ತದೆ. ತೊಗಲು ಹಿಗ್ಗಿದರೆ ಹೆಣಿಗೆಯೂ ಅದರೊಡನೆ ಹಿಗ್ಗಿ ಮರಳುತ್ತದೆ. ಅಂಚಿಗೆ ಕಪ್ಪು ಬೇಕಾದಲ್ಲಿ ಅಳಲೆಯ ಕಷಾಯಕ್ಕೆ ಅನ್ನಭೇದಿಯನ್ನು ಕೂಡಿಸಿ ಹಚ್ಚುತ್ತಿದ್ದರು. ಓಲೆಗರಿಯ ಕಾಲ ಕಳೆದು ಕಾಗದ ಬಂದ ಮೇಲೆ ನಮ್ಮ ಶಾನುಭೋಗರು ಬರೆದ ಮಸಿಗೂ ಸಮಗಾರನ ಈ ಕಪ್ಪಿಗೂ ರಸಾಯನ ಒಂದೇ, ಅಳಲೆಯ ಒಗರಿಗೆ ಕಬ್ಬಿಣ ಸೇರಿ ಹುಟ್ಟುವ ಕಪ್ಪು.

ಅಂಚಿನ ಮಾತು ಹದಗಾರಿಕೆಯಲ್ಲಿಯೂ ಒಮ್ಮೆ ಬರುತ್ತದೆ. ಢೋರರು ದಪ್ಪ ತೊಗಲನ್ನು ಹದಮಾಡುತ್ತಿದ್ದ ಹಳೆಯ ಕ್ರಮದಲ್ಲಿ, ಸುಣ್ಣದಿಂದ ತೆಗೆದು ಕೂದಲು ಕೆರೆದ ತೊಗಲಿನ ಅಂಚುಗಳನ್ನು ಕೂಡಿಸಿ ಚೀಲದಂತೆ ಹೊಲಿದು, ಮರದ ಚೌಕಟ್ಟಿಗೆ ತೂಗುಹಾಕಿ, ಒಳಗೆ ತೊಗಟೆಯ ಪುಡಿಯನ್ನೂ ಒಗರುನೀರನ್ನೂ ತುಂಬುತ್ತಿದ್ದರು. ನೀರು ತೊಗಲಿನ ಮೈಯಿಂದಲೇ ಒಸರಿ ಕೆಳಗಿನ ಪಾತ್ರೆಗೆ ಇಳಿಯುವುದು. ಅದನ್ನು ಮತ್ತೆ ಮತ್ತೆ ಮೇಲಕ್ಕೆ ಸುರಿಯುವುದು. ಹೀಗೆ ಹದವು ಒಳಗಿನಿಂದ ಹೊರಕ್ಕೆ ಹಾಯುವುದು. ಆ ಹೊಲಿಗೆಯ ಅಂಚು ತೂತುಬಿದ್ದು ಸುಕ್ಕಾಗಿರುವುದರಿಂದ ಹದ ಮುಗಿದ ಬಳಿಕ ಅದನ್ನು ಕತ್ತರಿಸಿ ತೆಗೆಯುತ್ತಿದ್ದರು. ಹೀಗೆ ತೊಗಲಿಗೆ ಮೊದಲ ಅಂಚನ್ನು ಕೊಡುವವನು ಒಬ್ಬ, ಕಡೆಯ ಅಂಚನ್ನು ಕಟ್ಟುವವನು ಇನ್ನೊಬ್ಬ. ಇಬ್ಬರ ಜಾತಿಯೂ ಬೇರೆ. 1884ರಲ್ಲಿ ಜೇಮ್ಸ್ ಕ್ಯಾಂಬೆಲ್ಲರ ಸಂಪಾದಕತ್ವದಲ್ಲಿ ಪ್ರಕಟವಾದ ಮುಂಬಯಿ ಗೆಜೆಟಿಯರಿನ ಧಾರವಾಡ ಸಂಪುಟವು ಈ ಜಿಲ್ಲೆಯ ಸಮಗಾರರು, ಢೋರರು, ಮಾದಿಗರು, ಜೀನಗಾರರು ಎಂದು ತೊಗಲಿನ ಕಸುಬಿನವರನ್ನು ಬೇರೆ ಬೇರೆಯಾಗಿ ವಿವರಿಸುತ್ತದೆ. ಅವರ ಆಚಾರ, ಆಹಾರ, ಮದುವೆಗಳ ವಿಷಯವಾಗಿ ಹೇಳುವ ಉತ್ಸಾಹವು ಅವರ ಕೈಯ ವಿದ್ಯೆಯನ್ನು ಹೇಳುವಲ್ಲಿ ಆ ಗ್ರಂಥಕ್ಕೆ ಇರಲಿಲ್ಲವೆಂಬುದು ನನ್ನ ಮನಸ್ಸಿಗೆ ಹಿಂದಿನಿಂದಲೂ ನೋವನ್ನುಂಟುಮಾಡಿದ ಸಂಗತಿ.

ಆದರೆ ಕನ್ನಡದಲ್ಲಿ ಈ ವಿದ್ಯೆಗೆ ಅದಕ್ಕಿಂತ ಏಳು ಶತಮಾನಗಳಷ್ಟು ಹಿಂದೆಯೇ ಮಾತು ಸಿಕ್ಕಿತ್ತು. ಮಾದಾರ ಚೆನ್ನಯ್ಯನ ವಚನಗಳ ಅಂಕಿತದಲ್ಲಿ ಕೈಯುಳಿ, ಕತ್ತಿ, ಅಡಿಗುಂಟ ಎಂಬ ಮೂರು ಸಲಕರಣೆಗಳ ಹೆಸರುಗಳೂ ದೇವರ ಹೆಸರಿನೊಡನೆ ಹೊಸೆದುಕೊಂಡಿವೆ. ಇತರ ಶರಣರು ಊರಿನ ಲಿಂಗದ ಹೆಸರನ್ನೋ ಗುರುವಿನ ಹೆಸರನ್ನೋ ಅಂಕಿತವಾಗಿ ಇಟ್ಟುಕೊಂಡಾಗ, ಈತನು ತೊಗಲನ್ನು ಕೊಯ್ಯುವ ಅಲಗನ್ನೂ, ತೂತಿಡುವ ಉಳಿಯನ್ನೂ, ಅವೆರಡರ ಪೆಟ್ಟನ್ನು ತಾಳುವ ಅಡಿಯ ಕೊರಡನ್ನೂ ತನ್ನ ಪ್ರತಿಯೊಂದು ವಚನದ ಕೊನೆಗೂ ನಿಲ್ಲಿಸಿದನು. ಅಂಚು ಹೆರೆಯುವುದಕ್ಕೂ ಹೊಲಿಯುವುದಕ್ಕೂ ಬೇಕಾದವು ಈ ಮೂರೇ ಅಲ್ಲವೆ? ಬಸವಣ್ಣನವರು ಇದೇ ಚೆನ್ನಯ್ಯನ ಮನೆಯವನು ತಾನೆಂದು ಹೇಳಿಕೊಂಡು ಹೆಮ್ಮೆಪಟ್ಟರು. ತೊಗಲು ಹದಮಾಡುವ ಕುಲದ ಡೋಹರ ಕಕ್ಕಯ್ಯನನ್ನು ಢೋರ ಸಮಾಜವು ಇಂದಿಗೂ ತನ್ನ ಮೂಲಪುರುಷನೆಂದು ನೆನೆಯುತ್ತದೆ. ಕಲ್ಯಾಣದ ಕ್ರಾಂತಿಯ ತರುವಾಯ ಆತನು ಐಕ್ಯನಾದನೆಂದು ನಂಬುವ ಕಕ್ಕೇರಿ ಖಾನಾಪುರ ತಾಲೂಕಿನಲ್ಲಿದೆ. ಸಮಗಾರ ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಮಾಡಿದರೆಂಬ ಐತಿಹ್ಯವನ್ನು ಕೇಳದ ಕನ್ನಡಿಗರಿಲ್ಲ. ಐತಿಹ್ಯದ ಸತ್ಯಾಸತ್ಯತೆಯ ವಿಚಾರಕ್ಕೆ ನಾನು ಹೋಗುವುದಿಲ್ಲ. ಆದರೆ ಮೆದುವಾದ ತೊಗಲನ್ನು ಪಾದರಕ್ಷೆಯಾಗಿ ಮಾಡುವುದರ ಕಷ್ಟವನ್ನು ಬಲ್ಲ ಕಸುಬಿನವರ ನಡುವೆಯೇ ಅಂತಹ ಕಥೆ ಬೆಳೆದಿರಬೇಕೆಂದು ತೋರುತ್ತದೆ. ಇದೇ ಕಲ್ಯಾಣದ ಸಿಂಹಾಸನದಲ್ಲಿ ಕುಳಿತು, ಅವರಿಗೆ ಒಂದು ತಲೆಮಾರು ಹಿಂದೆ, ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸವು ಅರಸನ ಇಪ್ಪತ್ತು ಉಪಭೋಗಗಳಲ್ಲಿ ಪಾದುಕಾಭೋಗಕ್ಕೂ ಸ್ಥಾನ ಕೊಟ್ಟಿದೆ. ಭೋಗಿಸುವವನ ಗ್ರಂಥ ಒಂದು ಕಡೆ, ಮಾಡುವವನ ವಚನ ಇನ್ನೊಂದು ಕಡೆ. ಎರಡೂ ಒಂದೇ ಶತಮಾನದ, ಒಂದೇ ನಾಡಿನ ಕೃತಿಗಳು.

ಹಳ್ಳಿಯ ವ್ಯವಸ್ಥೆಯಲ್ಲಿ ತೊಗಲುಗೆಲಸದವರು ಆಯಗಾರರಾಗಿದ್ದರು. ರೈತನಿಗೆ ಮಿಣಿ, ಜತ್ತಿಗೆ, ಬಾರುಕೋಲು, ಮೆಟ್ಟುಗಳನ್ನು ವರ್ಷವಿಡೀ ಮಾಡಿಕೊಡುವುದು, ಹಳೆಯವನ್ನು ಸರಿಪಡಿಸುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಆಯದ ಕಾಳನ್ನು ಪಡೆಯುವುದು ಅವರ ಜೀವನಕ್ರಮ. ಬಡಗಿ ಕಮ್ಮಾರರೂ ಆಯಗಾರರೇ. ಆದರೆ ಅವರ ಕೈಯಿಂದ ಬಂದುದನ್ನು ಊರು ಮನೆಯೊಳಕ್ಕೆ ತೆಗೆದುಕೊಂಡಿತು, ಇವರ ಕೈಯಿಂದ ಬಂದುದನ್ನು ಹೊಸ್ತಿಲ ಹೊರಗೆ ಬಿಟ್ಟಿತು. ಕೆರೆಯ ನೀರಿನಲ್ಲಿ ಇವರಿಗೆ ಪಾಲಿರಲಿಲ್ಲ. ಕಮ್ಮಾರನ ಕುಲುಮೆಯನ್ನು ಉರಿಸುತ್ತಿದ್ದ ತಿದಿಯಾದರೂ ಮೆದುದೊಗಲಿನದೇ ಆಗಿತ್ತು, ಅದರ ಅಂಚಿನಿಂದ ಗಾಳಿ ಸೋರದಂತೆ ಮಡಿಸಿ ಬಿಗಿದ ಕೈ ಇವರದೇ ಆಗಿತ್ತು. ನೇಗಿಲಿನ ಗುಳ ಕಾದದ್ದು ಆ ಗಾಳಿಯಿಂದ. ಇದನ್ನು ಬರೆಯುವಾಗ ಲೇಖನಿ ಭಾರವಾಗುತ್ತದೆ. ಅಷ್ಟು ಸೂಕ್ಷ್ಮವಾದ ವಿದ್ಯೆಯನ್ನು ಬಲ್ಲವರಿಗೆ ಅಷ್ಟು ಸ್ಥೂಲವಾದ ಅವಮಾನವನ್ನು ನಮ್ಮ ಹಿರಿಯರು ಮಾಡಿದರು.

ಈ ಸೀಮೆಗೇ ವಿಶಿಷ್ಟವಾದ ಒಂದು ಒಡವೆಯನ್ನು ಇಲ್ಲಿ ಹೇಳಬೇಕು. ಹಾನಗಲ್ಲು, ಹಿರೇಕೆರೂರು, ಶಿಕಾರಿಪುರ, ಸೊರಬಗಳ ಹಳ್ಳಿಗಳಲ್ಲಿ ದೀಪಾವಳಿಯಿಂದ ಮೊದಲಾಗಿ ಹೋರಿ ಬೆದರಿಸುವ ಹಬ್ಬಗಳು ನಡೆಯುತ್ತವೆ. ಕೊಬ್ಬರಿಯ ಹಾರವನ್ನು ಕೊರಳಿಗೆ ಕಟ್ಟಿ, ಜೂಲು ಹೊದಿಸಿ, ಕೊಂಬಿಗೆ ಅಲಂಕಾರ ಮಾಡಿ ಓಡಿಸುವ ಹೋರಿಯ ಕುತ್ತಿಗೆಯಲ್ಲಿ ಗೆಜ್ಜೆಯ ಪಟ್ಟಿಯೊಂದು ಇರುತ್ತದೆ. ಸಾಲುಗಟ್ಟಿದ ಹಿತ್ತಾಳೆಯ ಗೆಜ್ಜೆಗಳ ಭಾರವನ್ನು ತಾಳುವುದಕ್ಕೆ ದಪ್ಪ ತೊಗಲು ಬೇಕು. ಓಟದ ರಭಸದಲ್ಲಿ ಅದು ಕುತ್ತಿಗೆಯ ಮೆದುವಾದ ಚರ್ಮಕ್ಕೆ ಉಜ್ಜುವಾಗ ಗಾಯವಾಗದಿರುವುದಕ್ಕೆ ಮೆದುದೊಗಲು ಬೇಕು. ಆದಕಾರಣ ಒಳ್ಳೆಯ ಪಟ್ಟಿಯಲ್ಲಿ ದಪ್ಪ ತೊಗಲು ನಡುವೆ, ಆಡಿನ ತೊಗಲು ಮೇಲೆ. ಆ ಮೇಲುಹೊದಿಕೆಯ ಅಂಚು ಒಳಬದಿಗೆ ಬಾರದೆ ಹೊರಬದಿಯಲ್ಲಿಯೇ ಮಡಿದು ಹೊಲಿಗೆಗೊಳ್ಳಬೇಕು. ಸಾಮಾನ್ಯ ವಸ್ತುಗಳಲ್ಲಿ ಮಡಿಕೆಯನ್ನು ಕಣ್ಣಿಗೆ ಕಾಣದ ಕಡೆ ಅಡಗಿಸುವುದು ವಾಡಿಕೆ. ಇಲ್ಲಿ ಮಾತ್ರ ನೋಡುವವರ ಕಣ್ಣಿಗಿಂತ ಹೋರಿಯ ಕೊರಳು ದೊಡ್ಡದಾಯಿತು. ಅಂದ ಕೆಡಬಾರದೆಂದು ಆ ಹೊರಗಿನ ಮಡಿಕೆಯ ಮೇಲೆ ಬಣ್ಣದ ನೂಲಿನ ಹೊಲಿಗೆಯನ್ನೋ ಗೊಂಡೆಗಳ ಸಾಲನ್ನೋ ಇಡುವ ಪದ್ಧತಿ ಬೆಳೆಯಿತು. ಈಗ ಅಲಂಕಾರವೆಂದು ನಾವು ಕಾಣುವುದರ ಕೆಳಗೆ ಒಂದು ಅಂಚಿನ ಕಾರಣ ಅಡಗಿದೆ.

ಸವಣೂರಿನ ನವಾಬರ ಲಾಯಗಳಲ್ಲಿ ಕುದುರೆಗಳಿದ್ದಷ್ಟು ಕಾಲ ಜೀನಗಾರರಿಗೂ ಇದೇ ಬಗೆಯ ಕೆಲಸವಿತ್ತು. ಜೀನಿನ ಕೆಳಗಣ ಮೆತ್ತೆಯ ಅಂಚು ಒರಟಾದರೆ ಕುದುರೆಯ ಬೆನ್ನು ಹುಣ್ಣಾಗುವುದು. ಆ ಸಂಸ್ಥಾನವು 1948ರಲ್ಲಿ ವಿಲೀನವಾಯಿತು. ಜೀನಗಾರರು ಅದಕ್ಕೆ ಬಹಳ ಮೊದಲೇ ಬೇರೆ ಬೇರೆ ಕಸುಬುಗಳಿಗೆ ಹಂಚಿಹೋಗಿದ್ದರು.

ಹಳೆಯ ವಿಧಾನಕ್ಕೆ ಮೊದಲ ಪೆಟ್ಟು ಬಿದ್ದದ್ದು ದೂರದಿಂದ. ಧಾರವಾಡದ ಗೆಜೆಟಿಯರು ಅಚ್ಚಾದ ಅದೇ 1884ರಲ್ಲಿ ಅಮೆರಿಕೆಯಲ್ಲಿ ಆಗಸ್ಟಸ್ ಶುಲ್ಟ್ಸ್ ಎಂಬವರು ಕ್ರೋಮಿಯಂ ಲವಣಗಳಿಂದ ತೊಗಲನ್ನು ಹದಮಾಡುವ ಕ್ರಮಕ್ಕೆ ಹಕ್ಕುಪತ್ರ ಪಡೆದರು. ತೊಗಟೆಯಲ್ಲಿ ವಾರಗಟ್ಟಲೆ ಹಿಡಿಯುವ ಹದವು ಇದರಲ್ಲಿ ಬೇಗನೆ ಮುಗಿಯುವುದು. ತೊಗಲು ಮೆದುವಾಗಿ, ನೀರಿಗೂ ಶಾಖಕ್ಕೂ ಹೆದರದೆ, ಚೆನ್ನಾಗಿ ಹಿಗ್ಗುವಂತಾಗುವುದು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಆಲ್ಫ್ರೆಡ್ ಚಾಟರ್ಟನ್ನರು ಮದರಾಸಿನಲ್ಲಿ ಈ ಕ್ರಮದ ಪ್ರಯೋಗಗಳನ್ನು ನಡೆಸಿದರು. ಬಾವಿಯಿಂದ ಎತ್ತುಗಳು ನೀರೆಳೆಯುವ ತೊಗಲ ಬಾನಿಗಳು ಕೊಳೆಯದೆ ಬಾಳುವಂತೆ ಮಾಡುವುದು ಅವರ ಉದ್ದೇಶಗಳಲ್ಲಿ ಒಂದಾಗಿತ್ತು. ಅವರೇ ಮುಂದೆ ಮೈಸೂರು ಸಂಸ್ಥಾನದಲ್ಲಿ ಕೈಗಾರಿಕೆಗಳ ಮುಖ್ಯಾಧಿಕಾರಿಗಳಾದರು. ಒಳ್ಳೆಯ ಉದ್ದೇಶದ ಈ ಹೊಸ ತೊಗಲು ಹಳ್ಳಿಯ ಕೈಗೆ ಬಂದಾಗ ಮಾತ್ರ ಅಂಚಿನಲ್ಲಿ ತೊಡಕು ಕಾಣಿಸಿತು. ತೊಗಟೆಯ ಹದದ ತೊಗಲು ನೀರು ಕುಡಿದು, ಒತ್ತಿದ ಆಕಾರವನ್ನು ಹಿಡಿದು, ಒಣಗಿದಾಗ ಹಾಗೆಯೇ ನಿಲ್ಲುತ್ತದೆ. ಕ್ರೋಮಿನ ತೊಗಲು ಒತ್ತನ್ನು ಮರೆತು ಮತ್ತೆ ಅರಳುತ್ತದೆ. ಅದರ ಅಂಚನ್ನು ಕೊಂಬಿನಿಂದ ಎಷ್ಟು ಉಜ್ಜಿದರೂ ಹೊಳಪು ಬಾರದು, ಹುಣಸೆಬೀಜದ ಅಂಟಿಗೆ ಅದು ಸುಲಭವಾಗಿ ಒಲಿಯದು. ಕಾರಖಾನೆಗಳು ಅಂಚಿಗೆ ಬಣ್ಣದ ಲೇಪವನ್ನು ಬಳಿದು ಮುಚ್ಚತೊಡಗಿದವು. ಆ ಲೇಪವು ಮಡಚುವ ಕಡೆಯಲ್ಲಿ ಒಡೆದು ಎದ್ದುಬರುವುದನ್ನು ಈಗಿನ ಕೈಚೀಲ, ಸೊಂಟಪಟ್ಟಿಗಳನ್ನು ಬಳಸುವವರೆಲ್ಲರೂ ಬಲ್ಲರು. ಮೆದುದೊಗಲಿನ ವಿಷಯದಲ್ಲಿ ಇಂದಿಗೂ ಜಗತ್ತಿನ ಉತ್ತಮ ಕುಶಲಿಗಳು ಹೆರೆದು ಮಡಿಸುವುದನ್ನೋ ಪಟ್ಟಿ ಹೊದಿಸುವುದನ್ನೋ ಅನುಸರಿಸುತ್ತಾರೆಂಬುದು ನಮ್ಮ ಹಳೆಯ ವಿಧಾನದ ಯುಕ್ತತೆಗೆ ಸಾಕ್ಷಿ. ಹಳ್ಳಿಯಲ್ಲಿಯಾದರೋ ತೊಡಕಿಗೆ ಉತ್ತರ ಹುಡುಕುವ ಅವಕಾಶವೇ ಉಳಿಯಲಿಲ್ಲ. ರಬ್ಬರಿನ ಚಪ್ಪಲಿ ಬಂದಿತು, ವಿದ್ಯುತ್ ಪಂಪು ಬಂದಿತು, ನೈಲಾನಿನ ಹಗ್ಗ ಬಂದಿತು, ಟ್ರ್ಯಾಕ್ಟರು ಬಂದಿತು. ಬಾನಿ, ಮಿಣಿ, ಜತ್ತಿಗೆಗಳು ಒಂದರ ಹಿಂದೊಂದು ಹೋದವು, ಆಯವೂ ಹೋಯಿತು.

ವಿದ್ಯೆಯು ಜೀವಂತವಾಗಿ ಉಳಿದದ್ದು ಉತ್ತರಕ್ಕೆ, ಅಥಣಿ, ನಿಪ್ಪಾಣಿಗಳ ಸುತ್ತಣ ಹಳ್ಳಿಗಳಲ್ಲಿ. ಕೊಲ್ಹಾಪುರಿ ಎಂಬ ಹೆಸರಿನಿಂದ ಮಾರಾಟವಾಗುವ ಚಪ್ಪಲಿಗಳ ಬಹುಭಾಗವು ಕನ್ನಡ ನೆಲದಲ್ಲಿ ಸಿದ್ಧವಾಗುತ್ತದೆ. ಮೊಳೆಯಿಲ್ಲದೆ ತೊಗಲಬಾರಿನಿಂದಲೇ ಹೊಲಿದ ಎಮ್ಮೆದೊಗಲಿನ ಅಟ್ಟೆಗೆ ಆಡಿನ ತೊಗಲಿನ ಹೆಣಿಗೆ, ಕಿವಿ, ಗೊಂಡೆ. ಹೆಣಿಗೆಯ ಕೆಲಸ ಹೆಚ್ಚಾಗಿ ಹೆಂಗಸರದು. ಅಲ್ಲಿಯೂ ಕಿವಿಗಳ ತೆಳುವಾದ ತೊಗಲನ್ನು ಹೆರೆದು ಅಟ್ಟೆಯ ಪದರಗಳ ನಡುವೆ ಸೇರಿಸುವಾಗ ಬೇಕಾಗುವುದು ಮೇಲೆ ಹೇಳಿದ ರಂಪಿಗೆಯ ಕೈಯೇ. 1976ರಲ್ಲಿ ಸ್ಥಾಪಿತವಾದ ನಮ್ಮ ರಾಜ್ಯದ ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ನಿಗಮ ಜಂಟಿಯಾಗಿ ಕೇಳಿಕೊಂಡ ಭೌಗೋಳಿಕ ಗುರುತಿನ ಮನ್ನಣೆ ಈ ಚಪ್ಪಲಿಗೆ ದೊರೆತು, 2019ರಲ್ಲಿ ಅದು ನಾಡಿಗೆಲ್ಲ ತಿಳಿಯಿತು. 2025ರ ಜೂನ್ ತಿಂಗಳಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನಿನ ಪ್ರದರ್ಶನದಲ್ಲಿ ಇದೇ ರೂಪದ ಪಾದರಕ್ಷೆಗಳನ್ನು ಮೂಲವನ್ನು ಹೇಳದೆ ತೋರಿಸಿ, ಆಕ್ಷೇಪಗಳೆದ್ದ ಬಳಿಕ ಅವು ಭಾರತೀಯ ಕುಶಲಕಲೆಯಿಂದ ಪ್ರೇರಿತವಾದವೆಂದು ಒಪ್ಪಿಕೊಂಡಾಗ, ಆ ಮನ್ನಣೆಯ ಬೆಲೆ ಎಷ್ಟೆಂಬುದು ಎಲ್ಲರ ಅರಿವಿಗೂ ಬಂದಿತು.

ಆ ಮನ್ನಣೆಯಲ್ಲಿ ಕರ್ನಾಟಕದ ನಾಲ್ಕು ಜಿಲ್ಲೆಗಳ ಹೆಸರಿದೆ: ಬೆಳಗಾವಿ, ವಿಜಯಪುರ, ಬಾಗಲಕೋಟೆ, ಧಾರವಾಡ. 1997ರ ಆಗಸ್ಟಿನವರೆಗೆ ಚಿಕ್ಕೇರೂರು ಧಾರವಾಡ ಜಿಲ್ಲೆಯ ಊರಾಗಿತ್ತು. ಆ ತಿಂಗಳು ಹಾವೇರಿ ಜಿಲ್ಲೆಯು ಬೇರೆಯಾದುದರಿಂದ ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಸಮಗಾರರು ಆ ಗಡಿಯ ಹೊರಗೆ ಉಳಿದರು. ಅವರಲ್ಲಿ ಒಬ್ಬರು ಇಂದು ಅಜ್ಜನ ರಂಪಿಗೆಯನ್ನು ತೆಗೆದುಕೊಂಡು, ಜಾಲಿಯ ಒಗರಿನಲ್ಲಿ ಹದವಾದ ತೊಗಲನ್ನು ತಂದು, ಅದೇ ಅಟ್ಟೆಗೆ ಅದೇ ಹೆಣಿಗೆಯನ್ನು ಕೂಡಿಸಿದರೂ ಆ ಜೋಡಿಗೆ ಆ ಹೆಸರನ್ನು ಇಡುವಂತಿಲ್ಲ.